ಸಪ್ಪಳ ಮಾಡದ ರೊಟ್ಟಿ

ಕಳೆದ ಬುಧವಾರ ಬೆಳಿಗ್ಗೆ ನಮ್ಮ ಮನೆಗೆ ಸಾವಿನ ಬುತ್ತಿ ಬಂತು.

ಸತ್ತವರು ಯಾರೂ ಇರಲಿಲ್ಲ. ನಾನಿದ್ದೆ, ನಮ್ಮ ಮನೆಯವರಿದ್ದರು, ಹಿಂದಿನ ಸಂಜೆ ತಾನೇ ಗುಮ್ಮಘಟ್ಟದಿಂದ ಎತ್ತಿನ ಗಾಡಿಯಲ್ಲಿ ಬಂದಿಳಿದ ನಮ್ಮ ಅತ್ತೆ ಬಸಮ್ಮನವರಿದ್ದರು. ಮೂವರೂ ಗಟ್ಟಿಮುಟ್ಟು. ಆದರೂ ಎದುರುಮನೆಯ ಹನುಮಕ್ಕ ಬಿಳಿ ಬಟ್ಟೆ ಮುಚ್ಚಿದ ಬುಟ್ಟಿ ಹಿಡಿದು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದರು.

"ಎಷ್ಟೊತ್ತಿಗೆ ಆತವ್ವ?" ಎಂದರು.

ನಾನು ಗೋಡೆಯ ಗಡಿಯಾರ ನೋಡಿದೆ. "ಏಳೂವರೆ" ಎಂದೆ. (ಟೀಚರಮ್ಮನ ಚಾಳಿ. ಯಾರು ಹೊತ್ತು ಕೇಳಿದರೂ ನಿಮಿಷ ಸಮೇತ ಹೇಳಿಬಿಡುವುದು.)

"ಅಯ್ಯೋ ದೇವುಡಾ, ಈಗs ಈಗ ಹೋತಾ ಜೀವ!" ಎಂದು ಹನುಮಕ್ಕ ಹೊಸ್ತಿಲ ಮೇಲೆ ಕುಸಿದು ಕುಳಿತರು.

ಹಿತ್ತಲಲ್ಲಿ ಸ್ನಾನ ಮುಗಿಸಿ ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡಿದ್ದ ಅತ್ತೆ ಓಡಿ ಬಂದರು. "ಯಾರ ಜೀವ ಹೋತ? ಏನಾತ ಹನುಮಕ್ಕ?"

"ನಿಮ್ಮ ಮಗಳ್ರಿ... ಬಾಣಂತಿ... ನೀವು ನಿನ್ನೆ ಸಂಜಿಗೆ ತಲಿ ಬಗ್ಗಿಸ್ಕೊಂಡು ಬಂದ್ರಿ, ಬೆಳಗಾದ್ರೂ ಒಲಿ ಹಚ್ಚಿಲ್ಲ..."

"ಬಾಯಿ ತೊಳ್ಕಾ! ನನ್ನ ಮಗಳು ಗುಂಡುಕಲ್ಲಿನಂಗ ಅದಾಳ. ಮೊಮ್ಮಗ ಹುಟ್ಟ್ಯಾನ ಮೊಮ್ಮಗ! ಗಾಡ್ಯಾಗ ನಡಾ ನೊಂದಿತ್ತು, ಅದಕ್ಕ ಬಗ್ಗಿ ಬಂದೀನಿ. ಒಲಿ ಹಚ್ಚಿಲ್ಲಂತ ಹೇಳ್ದಾರು ಯಾರು ನಿನಗ?"

ಹನುಮಕ್ಕ ಕಣ್ಣೊರೆಸುವುದನ್ನು ನಿಲ್ಲಿಸಿ, ನಿಜವಾಗಿಯೂ ಅರ್ಥವಾಗದವರಂತೆ ಕೇಳಿದರು. "ಹಂಗಾರ ನಿಮ್ಮನ್ಯಾಗ ಯಾಕ ರೊಟ್ಟಿ ಸಪ್ಪಳಿಲ್ಲ?"

ದೂರದ ಊರುಗಳಲ್ಲಿ ಕಾಫಿ ಕುಡಿಯುತ್ತ ಈ ಅಂಕಣ ಓದುವವರಿಗೆ ಇದರ ಗಂಭೀರತೆ ತಿಳಿಯಲಿಕ್ಕಿಲ್ಲ. ಹೇಳುತ್ತೇನೆ. ನಮ್ಮ ರಾಯದುರ್ಗದ ಬೀದಿಯಲ್ಲಿ ಬೆಳಗಾಯಿತೆಂದು ಸಾರುವುದು ಕೋಳಿಯಲ್ಲ, ಬಳ್ಳಾರಿಗೆ ಹೋಗುವ ರೈಲೂ ಅಲ್ಲ. ಜೋಳದ ರೊಟ್ಟಿ ಬಡಿಯುವ ಸಪ್ಪಳ. ಮನೆಮನೆಯಲ್ಲಿ ಹೆಂಗಸರು ಹಿಟ್ಟಿನ ಉಂಡೆಯನ್ನು ಮಣೆಯ ಮೇಲಿಟ್ಟು ಅಂಗೈಯಿಂದ ಪಟಪಟ ಬಡಿಯುತ್ತ, ತಿರುಗಿಸುತ್ತ, ಅಗಲ ಮಾಡುತ್ತಾರೆ. ಯಾರ ಮನೆಯಲ್ಲಿ ಎಷ್ಟು ಜನ ಉಣ್ಣುವವರಿದ್ದಾರೆ, ಯಾರ ಸೊಸೆ ಸಿಟ್ಟಿನಲ್ಲಿದ್ದಾಳೆ, ಯಾರ ಮನೆಗೆ ನೆಂಟರು ಬಂದಿದ್ದಾರೆ, ಎಲ್ಲ ಆ ಸಪ್ಪಳದಲ್ಲೇ ಬೀದಿಗೆ ಗೊತ್ತಾಗುತ್ತದೆ. ಸಪ್ಪಳ ನಿಂತ ಮನೆಯಲ್ಲಿ ಸಾವಾಗಿರಬೇಕು. ಅಂಥ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ನೆರೆಯವರೇ ಬುತ್ತಿ ಒಯ್ಯಬೇಕು. ಹನುಮಕ್ಕ ಮಾಡಿದ್ದು ನೆರೆಹೊರೆಯ ಧರ್ಮವನ್ನೇ.

ಈ ಮೊದಲು ಮೂರು ತಿಂಗಳು ಸಪ್ಪಳ ಇರಲಿಲ್ಲವಲ್ಲ, ಆಗೇಕೆ ಬುತ್ತಿ ತರಲಿಲ್ಲ? ಅದಕ್ಕೂ ಅವರ ಬಳಿ ಉತ್ತರವಿತ್ತು. "ಅತ್ತಿ ಊರಾಗಿಲ್ಲ, ಸೊಸಿ ರಾಗಿ ಸೀಮಿಯಾಕಿ, ಮುದ್ದಿ ತಿರುವ್ಕೊಂಡು ಉಣ್ತಿರ್ತಾಳ ಅಂತ ಸುಮ್ನಿದ್ದೆ."

ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನಮ್ಮ ಅಡುಗೆಮನೆಯಲ್ಲಿ ಹನ್ನೆರಡು ಜೋಳದ ರೊಟ್ಟಿ ತಯಾರಾಗಿ, ಬಟ್ಟೆಯಲ್ಲಿ ಬೆಚ್ಚಗೆ ಕುಳಿತಿದ್ದವು. ಮಾಡಿದವಳು ನಾನು. ಒಂದು ಚೂರೂ ಸಪ್ಪಳ ಮಾಡದೆ ಮಾಡಿದ್ದೆ.

ಅದು ಹೇಗೆ ಎನ್ನುವುದಕ್ಕೆ ಮೊದಲು, ಏಕೆ ಎಂದು ಹೇಳಬೇಕು.

ನನ್ನ ತವರು ಮಡಕಶಿರಾ ಕಡೆಯ ರೊಳ್ಳ. ಚಿಕ್ಕಂದಿನಿಂದ ನನ್ನ ಕಿವಿ, ಮೂಗು, ಅಂಗೈ ಮೂರೂ ವಿಪರೀತ ಚುರುಕು. ಹಿತ್ತಾಳೆ ಕೊಡ ಕಲ್ಲಿನ ಮೇಲೆ ಠಣ್ ಎಂದರೆ ನನಗೆ ಹಲ್ಲಿನ ಬೇರಿನವರೆಗೂ ನೋವು. ಕಬ್ಬಿಣದ ಸೌಟಿನಿಂದ ತಳ ಹತ್ತಿದ ಪಾತ್ರೆ ಕೆರೆದರೆ ಮನೆ ಬಿಟ್ಟು ಓಡಿಹೋಗುತ್ತಿದ್ದೆ. ಮೆಣಸಿನಕಾಯಿಯ ಘಾಟು ಉಳಿದವರಿಗೆ ಎರಡು ಸೀನು, ನನಗೆ ಅರ್ಧ ದಿನದ ತಲೆನೋವು. ಇನ್ನು ಒಣಹಿಟ್ಟು! ಅದು ಅಂಗೈಗೆ ಅಂಟಿ, ಬೆರಳ ಸಂದಿಯಲ್ಲಿ ಒಣಗಿ, ಬಿರಿಯುವಾಗ ಆಗುವ ಸಂಕಟವನ್ನು ನಾನು ಯಾರಿಗೂ ವಿವರಿಸಲಾರೆ. ಮೈಯೆಲ್ಲ ಜುಂ ಎನ್ನುತ್ತದೆ. ಅಳು ಬರುತ್ತದೆ.

ಅಪ್ಪ ತಾಯಿತ ಕಟ್ಟಿಸಿದರು. ಆಮೇಲೆ ಮಡಕಶಿರಾದ ಡಾಕ್ಟರಿಗೆ ತೋರಿಸಿದರು. ಅವರು ಕಿವಿಯಲ್ಲಿ ಇಣುಕಿ, "ಕಿವಿ ಚೆನ್ನಾಗಿದೆ. ಬಹಳ ಚೆನ್ನಾಗಿದೆ. ಅದೇ ತೊಂದರೆ" ಎಂದು ಕಳಿಸಿಬಿಟ್ಟರು. ಅಮ್ಮ ಮಾತ್ರ ಅದನ್ನು ರೋಗವೆಂದು ಎಣಿಸಲಿಲ್ಲ. "ನಿಂಗಾಗ್ದು ಅಂತ ಕೆಲ್ಸ ಬಿಡಬ್ಯಾಡ ಕಣಮ್ಮಿ. ನಿಂಗಾಗೋ ಹಂಗೆ ಮಾಡ್ಕ" ಎನ್ನುತ್ತಿದ್ದಳು. ನಮ್ಮದು ಮುದ್ದೆಯ ಮನೆ. ಮುದ್ದೆಗೆ ಕೋಲಿದೆ. ಒಲೆಯ ಮೇಲೆ ಎಸರಿಗೆ ಹಿಟ್ಟು ಹಾಕಿ ಕೋಲಿನಲ್ಲೇ ತಿರುವಿ ಬೇಯಿಸಿ, ಕೊನೆಗೆ ಒದ್ದೆ ಕೈಯಲ್ಲಿ ಕಟ್ಟಿದರೆ ಮುಗಿಯಿತು. ಅಂಗೈಗೆ ಒಣಹಿಟ್ಟಿನ ಸೋಂಕಿಲ್ಲ, ಕಿವಿಗೆ ಪೆಟ್ಟಿಲ್ಲ. ಹಾಗಾಗಿ ಮದುವೆಯಾಗುವವರೆಗೂ ನಾನು ಸುಖವಾಗಿ ಅಡುಗೆ ಮಾಡಿದೆ.

ಮದುವೆಯಾಗಿ ಬಂದದ್ದು ಜೋಳದ ಸೀಮೆಗೆ! ಬಂದ ಮರುದಿನವೇ ಅತ್ತೆಯನ್ನು "ಹಿಟ್ಟು ಉಂಡ್ರಾ?" ಎಂದು ಪ್ರೀತಿಯಿಂದ ಕೇಳಿದೆ. ನಮ್ಮ ಕಡೆ ಹಿಟ್ಟು ಎಂದರೆ ಬೆಂದ ರಾಗಿ ಮುದ್ದೆ. ಇಲ್ಲಿ ಹಿಟ್ಟೆಂದರೆ ಬರೀ ಹಿಟ್ಟು. "ಹಿಟ್ಟು ಎಮ್ಮಿಗೆ ಕಲಸಿ ಇಡ್ತೀವಿ. ನಾವು ರೊಟ್ಟಿ ಉಣ್ತೀವಿ" ಎಂದರು ಅತ್ತೆ. ಬೀದಿಯಿಡೀ ಒಂದು ವಾರ ನಕ್ಕಿತು.

ನಗು ಹೋಗಲಿ. ರೊಟ್ಟಿ ಕಲಿಯಬೇಕಿತ್ತಲ್ಲ? ಮೊದಲ ದಿನ ಮಣೆಯ ಮುಂದೆ ಕುಳಿತೆ. ಒಣಹಿಟ್ಟು ಅಂಗೈಗೆ ತಾಗಿತು, ಪಕ್ಕದಲ್ಲಿ ಅತ್ತೆ ಪಟಪಟ ಬಡಿಯತೊಡಗಿದರು, ಹಿಂದೆ ಒಗ್ಗರಣೆಯಲ್ಲಿ ಮೆಣಸಿನಕಾಯಿ ಸಿಡಿಯಿತು. ಮೂರೂ ಒಟ್ಟಿಗೆ. ನಾನು ಎದ್ದು ಹಿತ್ತಲಿಗೆ ಓಡಿ, ಬಾವಿಕಟ್ಟೆಯ ಬಳಿ ಕೈ ತೊಳೆದೆ, ತೊಳೆದೆ, ತೊಳೆಯುತ್ತಲೇ ಇದ್ದೆ.

"ಕುಣಿಲಾರದಾಕಿ ನೆಲ ಡೊಂಕಂದ್ಳಂತ" ಎಂದರು ಅತ್ತೆ, ಎಲ್ಲರಿಗೂ ಕೇಳುವಂತೆ.

ಆಮೇಲೆ ಆರು ವರ್ಷ ನನಗೆ ಒಲೆಯ ಮುಂದಿನ ಜಾಗ ಸಿಗಲಿಲ್ಲ. ನೀರು ತರುವುದು, ಸೊಪ್ಪು ಸೋಸುವುದು, ಬೇಳೆ ಆರಿಸುವುದು, ಎಲೆ ಹಾಕುವುದು. ಶಾಲೆಯಲ್ಲಿ ನಲವತ್ತು ಹುಡುಗಿಯರಿಗೆ ಪಾಠ ಹೇಳುವವಳು, ಮನೆಯಲ್ಲಿ ಅತ್ತೆಯ ಹಿಂದೆ ನೀರಿನ ಚೊಂಬು ಹಿಡಿದು ನಿಲ್ಲುವವಳು. (ಬಳ್ಳಾರಿಯಿಂದ ಇನ್‌ಸ್ಪೆಕ್ಷನ್ನಿಗೆ ಬಂದ ಮೇಡಂ ನನ್ನ ಕ್ಲಾಸನ್ನು ಹೊಗಳಿ ಬರೆದ ದಿನವೂ ಸಂಜೆ ನಾನು ಚೊಂಬನ್ನೇ ಹಿಡಿದಿದ್ದೆ.) ನೆಂಟರು ಬಂದರೆ ಅತ್ತೆ ಮೊದಲೇ ಹೇಳಿಬಿಡುತ್ತಿದ್ದರು. "ಈಕಿ ಭಾಳ ನಾಜೂಕು. ಒಲಿ ಮುಂದ ಕೂಡಂಗಿಲ್ಲ." ನಾಜೂಕು ಎನ್ನುವ ಪದವನ್ನು ಯಾರಾದರೂ ಅಷ್ಟು ಕಹಿಯಾಗಿ ಹೇಳಿದ್ದನ್ನು ನೀವು ಕೇಳಿದ್ದೀರಾ? ನನಗೆ ಅವಮಾನವಾಗುತ್ತಿತ್ತು. ಅಡುಗೆ ಎಂದರೆ ನನಗೆ ಬಹಳ ಆಸೆ, ಯಾರೂ ನಂಬುತ್ತಿರಲಿಲ್ಲ.

ಮೂರು ತಿಂಗಳ ಹಿಂದೆ ನಾದಿನಿಗೆ ಮೂರನೆಯ ಬಾಣಂತನ. ಗುಮ್ಮಘಟ್ಟದಲ್ಲಿ ಕುರಿ, ಹೊಲ, ಇಬ್ಬರು ಚಿಕ್ಕ ಮಕ್ಕಳನ್ನು ಬಿಟ್ಟು ಅವಳು ತವರಿಗೆ ಬರುವ ಹಾಗಿರಲಿಲ್ಲ. ಅತ್ತೆಯೇ ಹೊರಟರು. ಹೊರಡುವಾಗ ಒಲೆಯನ್ನು ನೋಡಿದರು, ನನ್ನನ್ನು ನೋಡಿದರು, ಮಗನನ್ನು ನೋಡಿದರು. ಮಗನ ಮೇಲೆ ಅವರಿಗಿದ್ದ ಕನಿಕರ ಮುಖದಲ್ಲೇ ಕಾಣುತ್ತಿತ್ತು.

ಗಾಡಿ ಬೀದಿಯ ತಿರುವು ದಾಟಿತು. ನಾನು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕುಳಿತೆ. ಆರು ವರ್ಷದ ಮೇಲೆ!

ಮೊದಲು ಕಿವಿಯ ವಿಷಯ. ಅರಳೆಯ ಎರಡು ಉಂಡೆ ಮಾಡಿ, ಒಂದು ತೊಟ್ಟು ಕೊಬ್ಬರಿ ಎಣ್ಣೆಯಲ್ಲಿ ಮೆತ್ತಗೆ ಮಾಡಿ ಕಿವಿಗಿಟ್ಟುಕೊಂಡೆ. ಕಲ್ಲಿನ ಮೇಲೆ ಪಾತ್ರೆ ಇಡುವಲ್ಲೆಲ್ಲ ಹಳೆಯ ಸೀರೆಯ ಸಿಂಬೆ ಸುತ್ತಿಟ್ಟೆ. ಕಬ್ಬಿಣದ ಸೌಟುಗಳನ್ನು ಅಟ್ಟಕ್ಕೆ ಏರಿಸಿ, ಬಡಗಿಯ ಹತ್ತಿರ ಮರದ ಎರಡು ಸೌಟು ಮಾಡಿಸಿದೆ. ಒಗ್ಗರಣೆಯನ್ನು ಹಿತ್ತಲಿಗೆ ಸಾಗಿಸಿದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಅತ್ತ ಬೆನ್ನು ಮಾಡಿ ಕುಳಿತರೆ ಘಾಟು ಮುಖಕ್ಕೆ ಬರುವುದಿಲ್ಲ. ಮೆಣಸಿನಕಾಯಿ ಹುರಿಯುವಾಗ ಚಿಟಿಕೆ ಉಪ್ಪು, ಮೂಗಿಗೆ ಒದ್ದೆ ವಸ್ತ್ರ. ಗಾಳಿ ತಿರುಗಿದರೆ ನಾನೂ ತಿರುಗುತ್ತೇನೆ. (ನಮ್ಮ ಮನೆಯವರು ಕಚೇರಿಗೆ ಹೊರಡುವ ಮುಂಚೆ ಹಿತ್ತಲಿಗೆ ಇಣುಕಿ, "ಇವತ್ತು ಸಾರು ಯಾವ ದಿಕ್ಕಿಗೆ?" ಎಂದು ಕೇಳುತ್ತಿದ್ದರು.)

ಇವೆಲ್ಲ ಸಲೀಸು. ರೊಟ್ಟಿಯೇ ಕಷ್ಟ. ಆಗ ಅಮ್ಮನ ಮಾತು ನೆನಪಾಯಿತು. ನನಗೆ ಬರುವುದು ಯಾವುದು? ಮುದ್ದೆ. ಹಾಗಾದರೆ ಜೋಳವನ್ನು ಮುದ್ದೆಯ ದಾರಿಗೆ ಕರೆತಂದರೆ?

ಎಸರು ಕುದಿಸಿ, ಉಪ್ಪು ಹಾಕಿ, ಜೋಳದ ಹಿಟ್ಟನ್ನು ಪಾತ್ರೆಗೇ ಸುರಿದು ಕೋಲಿನಿಂದ ತಿರುವಿದೆ. ಆರಿದ ಮೇಲೆ ಒದ್ದೆ ಕೈಯಲ್ಲಿ ನಾದಿದೆ. ಮಣೆಯ ಮೇಲೆ ಒದ್ದೆ ಪಂಚೆಯ ತುಂಡು ಹಾಸಿ, ಅದರ ಮೇಲೆ ಉಂಡೆಯಿಟ್ಟು, ನೀರಿನಲ್ಲಿ ಬೆರಳದ್ದಿ ಮೆಲ್ಲಗೆ ಒತ್ತುತ್ತ ಅಗಲ ಮಾಡಿದೆ. ಬಟ್ಟೆ ಸಮೇತ ಎತ್ತಿ ಕಾದ ಹಂಚಿನ ಮೇಲೆ ಬೋರಲು ಹಾಕಿ, ಬಟ್ಟೆ ಬಿಡಿಸಿದೆ.

ಬಟ್ಟೆ ಬಂತು. ಜೊತೆಗೆ ಅರ್ಧ ರೊಟ್ಟಿಯೂ ಬಂತು.

ಒಂಬತ್ತು ದಿನ ನಮ್ಮ ಮನೆಯವರು ಚೂರು ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಉಂಡರು. ಒಂದು ಮಾತು ಆಡಲಿಲ್ಲ. (ಆಡಿದರು. "ತುಂಬಿದ ಕೊಡ ತುಳುಕುವುದಿಲ್ಲ, ಒಪ್ಪಿದೆ. ಆದರೆ ಒಡೆಯಬಾರದು" ಎಂದರು.) ಹತ್ತನೆಯ ದಿನ ಗುಟ್ಟು ಸಿಕ್ಕಿತು. ಎಸರು ಭೋರೆಂದು ಕುದಿಯುವಾಗ ಹಿಟ್ಟು ಹಾಕಿದರೆ ಅಂಟು ಸಾಲದೆ ರೊಟ್ಟಿ ಹರಿಯುತ್ತದೆ. ಕುದಿ ಇನ್ನೇನು ಏಳಬೇಕು ಎನ್ನುವಾಗ ನೀರು ಒಂದು ಸಣ್ಣ ದನಿ ಹೊರಡಿಸುತ್ತದೆ, ಗುಂಯ್ ಎನ್ನುವ ದನಿ, ಆ ಗಳಿಗೆಗೇ ಹಾಕಬೇಕು. ಹಾಗೆ ಹಾಕಿದರೆ ನಾದಿದ ಹಿಟ್ಟು ಎಳೆದಂತೆ ಬರುತ್ತದೆ. ಆ ದನಿ ಉಳಿದವರಿಗೆ ಕೇಳುವುದಿಲ್ಲ. ನನಗೆ ಒಂದು ಕಿವಿಯ ಅರಳೆ ತೆಗೆದರೆ ಸಾಕು, ಕೇಳುತ್ತದೆ.

ಹದಿನೇಳನೆಯ ದಿನ ಹಂಚಿನ ಮೇಲೆ ರೊಟ್ಟಿ ಪೂರಿಯಂತೆ ಉಬ್ಬಿತು. ನಾನು ಒಬ್ಬಳೇ ಅಡುಗೆಮನೆಯಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ಸದ್ದಾಗದಂತೆ ತಟ್ಟಿದೆ ಎನ್ನುವುದನ್ನು ಹೇಳಬೇಕಾಗಿಲ್ಲ.

ಈಗ ಬುಧವಾರಕ್ಕೆ ಬನ್ನಿ.

ಹನುಮಕ್ಕ ಬುಟ್ಟಿಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಹೊರಟುಹೋದರು. ಅತ್ತೆ ಅಡುಗೆಮನೆಗೆ ಬಂದರು. ಸಿಂಬೆಗಳನ್ನು ನೋಡಿದರು. ಸೌಟುಗಳಿಲ್ಲದ ಗೂಟ ನೋಡಿದರು. ಮಣೆಯ ಮೇಲಿನ ಒದ್ದೆ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿದರು.

"ಇದೇನು, ರೊಟ್ಟಿಗೆ ಸ್ನಾನಾ ಮಾಡಿಸ್ತಿ ಏನು?"

ಹೇಗೆ ಮಾಡುತ್ತೇನೆಂದು ವಿವರಿಸಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಮೊಮ್ಮಗ ಹುಟ್ಟಿದ ಸಂತೋಷದಲ್ಲಿ ಬಂದವರ ಬಾಗಿಲಿಗೆ ಸಾವಿನ ಬುತ್ತಿ! ಬೀದಿಯ ಮುಂದೆ ಅವರ ಮುಖ ಚಿಕ್ಕದಾಗಿತ್ತು, ಆ ನೋವು ನನಗೂ ತಿಳಿಯುತ್ತಿತ್ತು. ನನ್ನ ರೊಟ್ಟಿಯನ್ನು ಅವರು ಮುಟ್ಟಲಿಲ್ಲ. ಅಂದು ಮೊಸರನ್ನ ಉಂಡರು.

"ನಾಳಿಂದ ಒಲಿ ಮುಂದ ನಾ ಕುಂದ್ರತೀನಿ. ನೀನು ಸಾಲಿ ನೋಡ್ಕ, ಮ್ಯಾಲಿನ ಕೆಲಸ ನೋಡ್ಕ" ಎಂದರು.

ಚೊಂಬು ಮತ್ತೆ ನನ್ನ ಕೈಗೆ ಬಂತು. ಗುರುವಾರ, ಶುಕ್ರವಾರ, ಶನಿವಾರ. ಪಟಪಟ ಸಪ್ಪಳ ಶುರುವಾಯಿತು, ಸೌಟುಗಳು ಅಟ್ಟದಿಂದ ಇಳಿದವು, ಸಿಂಬೆಗಳು ಹಿತ್ತಲು ಸೇರಿದವು. ಬೀದಿಗೆ ನೆಮ್ಮದಿಯಾಯಿತು. ನನಗೆ ತಲೆನೋವು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಬಾರದ ವಿದ್ಯೆಯಾಗಿದ್ದರೆ ಸುಮ್ಮನಿರುತ್ತಿದ್ದೆ. ಬಂದ ವಿದ್ಯೆಯನ್ನು ಕಿತ್ತುಕೊಂಡರೆ ಸುಮ್ಮನಿರುವುದು ಹೇಗೆ?

ಶನಿವಾರ ಮಧ್ಯಾಹ್ನ ಹಿರೇಹಾಳಿನಿಂದ ಸುದ್ದಿ ಬಂತು. ಭಾನುವಾರ ಅತ್ತೆಯ ಅಣ್ಣ ಬರುತ್ತಾರೆ, ಜೊತೆಗೆ ಮನೆಯವರು ನಾಲ್ಕು ಜನ, ಮೊಮ್ಮಗನ ಸುದ್ದಿ ಕೇಳುವುದಕ್ಕೆ. ಈ ಸೋದರಮಾವ ಸಾಮಾನ್ಯರಲ್ಲ. ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ ಉಣ್ಣುವವರು. ದಪ್ಪವಾದರೆ "ಇದನ್ನ ಗ್ವಾಡಿಗೆ ಹಚ್ರಿ" ಎನ್ನುವವರು. ಅವರು ಒಂದು ಮನೆಯ ರೊಟ್ಟಿ ಚೆನ್ನಾಗಿಲ್ಲವೆಂದರೆ ಸುತ್ತಲ ಹತ್ತು ಊರಿಗೆ ಗೊತ್ತಾಗುತ್ತದೆ.

ಅತ್ತೆ ಹಿಟ್ಟಿನ ಡಬ್ಬಿ ತೆರೆದರು. ಮೂರು ತಿಂಗಳು ಕೂಸಿಗೆ ನೀರು ಹಾಕಿ ಹಾಕಿ ಅವರ ಬಲಗೈ ಸೋತಿದ್ದು ನನಗೆ ಕಾಣುತ್ತಿತ್ತು. ಮಣಿಕಟ್ಟನ್ನು ಎಡಗೈಯಲ್ಲಿ ನೀವಿಕೊಳ್ಳುತ್ತಿದ್ದರು. ನಾನು ಚೊಂಬು ಕೆಳಗಿಟ್ಟೆ.

"ಅತ್ತೆ, ನಾಳೆ ರೊಟ್ಟಿ ನಾನ್ ಮಾಡ್ತೀನಿ. ಮಾವ ಒಂದು ರೊಟ್ಟಿ ಬ್ಯಾಡ ಅಂತ ಪಕ್ಕಕ್ಕಿಟ್ರೆ, ಈ ಜನ್ಮದಾಗೆ ನಾನ್ ಒಲೆ ಮುಂದೆ ಕುಂತ್ಕಳಲ್ಲ."

ಆಡಿದ ಮಾತು ದೊಡ್ಡದು. ಅತ್ತೆ ಮಣಿಕಟ್ಟು ನೀವಿಕೊಳ್ಳುವುದನ್ನು ಬಿಟ್ಟರು.

"ಮಾಡು. ಆದ್ರ ಸಪ್ಪಳ ಬೀದಿಗೆ ಕೇಳ್ಬೇಕು. ನಮ್ಮಣ್ಣ ಜಗಲಿ ಮ್ಯಾಲ ಕುಂತಿರ್ತಾನ."

"ಸದ್ದು ಬರಾಕಿಲ್ಲ ಅತ್ತೆ. ರೊಟ್ಟಿ ಬರ್ತೈತೆ."

ಅವರು ಡಬ್ಬಿಯನ್ನು ನನ್ನ ಕಡೆಗೆ ತಳ್ಳಿ ಎದ್ದು ಹೋದರು.

ಭಾನುವಾರ ಬೆಳಿಗ್ಗೆ ಸಿಂಬೆಗಳು ಮತ್ತೆ ಒಳಗೆ ಬಂದವು. ಹಿತ್ತಲಲ್ಲಿ ಪಡುವಣ ಗಾಳಿಗೆ ಬೆನ್ನು ಮಾಡಿ ಬದನೆಕಾಯಿ ಪಲ್ಯಕ್ಕೆ ಒಗ್ಗರಣೆ ಹಾಕಿದೆ. ಶೇಂಗಾ ಹುರಿದು ಪುಡಿ ಮಾಡಿದೆ. ಶೇಂಗಾ ಹದವಾಗಿ ಹುರಿದಿದೆಯೋ ಇಲ್ಲವೋ ಎಂದು ಉಳಿದವರು ಬಾಯಿಗೆ ಹಾಕಿ ನೋಡಬೇಕು. ನನಗೆ ಮೂಗೇ ಹೇಳುತ್ತದೆ. ಎಣ್ಣೆ ಕಮಟು ಹಿಡಿಯುವ ಎರಡು ದಿನ ಮುಂಚೆಯೇ ನನಗೆ ಗೊತ್ತಾಗುತ್ತದೆ. ಇಂಥ ಮೂಗನ್ನು ಇಷ್ಟು ವರ್ಷ ನಾಜೂಕು ಎಂದು ಬೈದರಲ್ಲ!

ಹತ್ತು ಗಂಟೆಗೆ ಗಾಡಿ ಬಂತು. ಮಾವ ಕಾಲು ತೊಳೆದು ಜಗಲಿಯ ಮೇಲೆ ಕುಳಿತರು. ಕಿವಿಗೆ ಅರಳೆ ಇಟ್ಟುಕೊಂಡಿದ್ದರೂ ಅವರ ದನಿ ನನಗೆ ಕೇಳುತ್ತಿತ್ತು, ಅಂಥ ದನಿ. ಮೊಮ್ಮಗನ ಸುದ್ದಿ ಆಯಿತು, ಜೋಳದ ಬೆಳೆಯ ಸುದ್ದಿ ಆಯಿತು. ಆಮೇಲೆ ಅವರು ಕೇಳಿದರು.

"ಯಾಕ ಬಸವ್ವ, ಒಳಗ ಸಪ್ಪಳs ಇಲ್ಲ? ಇವತ್ತು ನಮಗ ರೊಟ್ಟಿ ಇಲ್ಲನು?"

ಅತ್ತೆ ಏನು ಹೇಳಿದರೋ ಕೇಳಲಿಲ್ಲ. ಎರಡು ನಿಮಿಷದಲ್ಲಿ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಹಂಚಿನ ಮೇಲಿನ ರೊಟ್ಟಿ ಆಗ ತಾನೇ ಉಬ್ಬುತ್ತಿತ್ತು. ಬುಟ್ಟಿಯಲ್ಲಿ ಹದಿನೈದು ಕುಳಿತಿದ್ದವು. ಅತ್ತೆ ಮೇಲಿನದೊಂದನ್ನು ತೆಗೆದು ಬೆಳಕಿಗೆ ಹಿಡಿದರು. ಅಂಚು ಮುರಿದು ಬಾಯಿಗೆ ಹಾಕಿದರು. ಅಗಿದರು. ಮುಖದಲ್ಲಿ ಏನೂ ಕಾಣಲಿಲ್ಲ.

ಅವರು ಮೂಲೆಯಲ್ಲಿದ್ದ ಇನ್ನೊಂದು ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಹೋದರು. ಹೋಗುವಾಗ ಬಾಗಿಲನ್ನು ಎಳೆದುಕೊಂಡರು.

ಸ್ವಲ್ಪ ಹೊತ್ತಿಗೆ ಎಲ್ಲೋ ದೂರದಲ್ಲಿ ಪಟಪಟ ಎಂದು ರೊಟ್ಟಿ ಬಡಿಯುವ ಸಪ್ಪಳ. ಹನುಮಕ್ಕನ ಮನೆಯದಿರಬೇಕು ಎಂದುಕೊಂಡೆ. ಹನುಮಕ್ಕ ಇಷ್ಟು ಬಿರುಸಾಗಿ ಬಡಿಯುವುದಿಲ್ಲ. ಬಾಗಿಲನ್ನು ಒಂದು ಬೆರಳಷ್ಟು ತೆರೆದು ನೋಡಿದೆ.

ನಡುಮನೆಯಲ್ಲಿ, ಜಗಲಿಯ ಕಿಟಕಿಯ ಕೆಳಗೆ, ನಮ್ಮ ಅತ್ತೆ ಕುಳಿತಿದ್ದರು. ಮುಂದೆ ಖಾಲಿ ಮಣೆ. ಹಿಟ್ಟಿಲ್ಲ, ನೀರಿಲ್ಲ. ಸೋತ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯಿಂದ ಬರೀ ಮಣೆಯನ್ನು ಪಟಪಟ ಬಡಿಯುತ್ತಿದ್ದರು! ಬೀದಿಯಲ್ಲಿ ಮನೆಯ ಮರ್ಯಾದೆ ಉಳಿಯಬೇಕಲ್ಲ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರೆ. ಇಲ್ಲಿ ಮಣೆಗೆ ಹಿಟ್ಟಿಲ್ಲದಿದ್ದರೂ ಬೀದಿಗೆ ಸಪ್ಪಳ.

ಮೊದಲು ನನಗೆ ನಗು ಬಂತು. ಆಮೇಲೆ, ಅವರು ಎಳೆದುಕೊಂಡು ಹೋದ ಬಾಗಿಲು ಕೈಗೆ ತಾಗಿತು. ಆರು ವರ್ಷದಲ್ಲಿ ಆ ಬಾಗಿಲನ್ನು ಯಾರೂ ಮುಚ್ಚಿದ್ದಿಲ್ಲ. ಸಪ್ಪಳ ಬೀದಿಗೆ ಹೋಗಲಿ, ಒಳಗೆ ಬರದಿರಲಿ ಎಂದು ಮುಚ್ಚಿದ್ದರು. ಕಣ್ಣು ಒದ್ದೆಯಾಯಿತು. (ಹೊಗೆಯಿಂದಲ್ಲ. ನನ್ನ ಒಲೆಯಲ್ಲಿ ಹೊಗೆ ಬರುವುದಿಲ್ಲ, ಸೌದೆಯನ್ನು ಮೂರು ದಿನ ಬಿಸಿಲಿಗೆ ಹಾಕಿರುತ್ತೇನೆ.)

ಊಟಕ್ಕೆ ಎಲೆ ಹಾಕಿದೆ. ಮಾವ ಮೊದಲ ರೊಟ್ಟಿಯನ್ನು ಬೆಳಕಿಗೆ ಹಿಡಿದರು. ಮುರಿದರು. ಪಲ್ಯಕ್ಕೆ ಅದ್ದಿದರು. ಎರಡನೆಯದು ಕೇಳಿದರು. ಮೂರನೆಯದು. ನಾಲ್ಕನೆಯದನ್ನು ಶೇಂಗಾ ಪುಡಿ, ಮೊಸರಿನೊಂದಿಗೆ ಮುಗಿಸಿದರು. ಐದನೆಯದಕ್ಕೆ ಕೈ ಚಾಚಿ, ತಂಗಿಯ ಕಡೆ ತಿರುಗಿ ನಕ್ಕರು.

"ಏ ಬಸವ್ವ, ನಿನ್ನ ಕೈ ಇನ್ನಾ ಹಂಗs ಐತಿ ನೋಡು! ಏನು ಮೆತ್ತಗ, ಏನು ತೆಳ್ಳಗ! ಹೊರಗ ಕುಂತು ಸಪ್ಪಳ ಕೇಳಿದಾಗs ಗೊತ್ತಾತು, ಇದು ನನ್ನ ತಂಗಿ ಕೈ ಅಂತ."

ನಾನು ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದೆ. ನಮ್ಮ ಮನೆಯವರು ತಲೆಯೆತ್ತಿದರು. ಅವರಿಗೆ ಎಲ್ಲ ಗೊತ್ತಿತ್ತು, ಆದರೆ ಸೋದರಮಾವನ ಮುಂದೆ ತಾಯಿಯನ್ನು ಸುಳ್ಳುಗಾತಿ ಮಾಡುವುದು ಹೇಗೆ? ನಾನೂ ಹೇಳುವಂತಿರಲಿಲ್ಲ. ಹೌದು ಎಂದರೆ ಸಾಕಿತ್ತು ಅತ್ತೆ. ಏನೂ ಅನ್ನದಿದ್ದರೂ ಸಾಕಿತ್ತು. ಒಲೆ ಅವರದೇ ಆಗಿ ಉಳಿಯುತ್ತಿತ್ತು, ಹೆಸರೂ ಉಳಿಯುತ್ತಿತ್ತು. ನನ್ನ ಮೂರು ತಿಂಗಳು ಅಲ್ಲಿಗೆ ಮುಗಿಯುತ್ತಿತ್ತು.

ಅತ್ತೆ ಅಣ್ಣನ ಎಲೆಗೆ ಬೆಣ್ಣೆ ಹಾಕುತ್ತಿದ್ದವರು ಬಟ್ಟಲನ್ನು ಕೆಳಗಿಟ್ಟರು.

"ನಾ ಬಡದದ್ದು ಬರೀ ಮಣಿ ಅಣ್ಣ. ರೊಟ್ಟಿ ಮಾಡಿದಾಕಿ ನನ್ನ ಸೊಸಿ."

ಮಾವನ ಕೈ ಬಾಯಿಯ ಹತ್ತಿರ ನಿಂತಿತು. "ಅಂದ್ರ?"

"ಅಂದ್ರ ಅಂದ್ರ. ಆಕಿ ರೊಟ್ಟಿ ಸಪ್ಪಳ ಮಾಡಂಗಿಲ್ಲ. ಆಕಿ ಕಿವಿ ಆನಿ ಕಿವಿ, ಇರಿವಿ ನಡದ್ರೂ ಕೇಳ್ತೈತಿ. ಅದಕ್ಕ ಆಕಿ ತನ್ನ ರೀತಿ ತಾ ಮಾಡ್ಕೊಂಡಾಳ. ನಿನಗ ಸಪ್ಪಳ ಬೇಕಿತ್ತು, ನಾ ಕೊಟ್ಟೆ. ರೊಟ್ಟಿ ಬೇಕಿತ್ತು, ಆಕಿ ಕೊಟ್ಲು."

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಎಲೆಯನ್ನು ನನ್ನ ಕಡೆ ಸರಿಸಿ, "ಹಂಗಾದ್ರ ಇನ್ನೊಂದು ಹಾಕವ್ವ ತಾಯಿ" ಎಂದರು. ಆರಾಯಿತು. ಪಕ್ಕಕ್ಕಿಟ್ಟದ್ದು ಒಂದೂ ಇರಲಿಲ್ಲ.

ನನಗೆ ಹೆಮ್ಮೆಯಾಯಿತು. ಮುಚ್ಚಿಟ್ಟುಕೊಳ್ಳುವುದೇಕೆ? ನನ್ನ ಬಗ್ಗೆ ಹೆಮ್ಮೆಯಾಯಿತು, ಅತ್ತೆಯ ಬಗ್ಗೆ ಅದಕ್ಕಿಂತ ಹೆಚ್ಚು. ಹೊಸದಾಗಿ ರೊಟ್ಟಿ ಮಾಡುವುದಕ್ಕೆ ನನಗೆ ಹದಿನೇಳು ದಿನ ಬೇಕಾಯಿತು. ನಲವತ್ತು ವರ್ಷ ಮೆರೆದ ಕೈಯ ಹೆಸರನ್ನು ಅಣ್ಣನ ಮುಂದೆ ಬಿಟ್ಟುಕೊಡುವುದಕ್ಕೆ ಅವರಿಗೆ ಒಂದು ಗಳಿಗೆ ಸಾಕಾಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಗಾದೆ ಹೇಳುತ್ತದೆ. ಇಬ್ಬರಿಗೂ ಒಂದೇ ಕಾಲ ಬರಬಹುದೆಂದು ಗಾದೆ ಮಾಡಿದವರಿಗೆ ತೋಚಲಿಲ್ಲವೇನೋ.

ನಾನು ಈ ವಾರವೆಲ್ಲ ಯೋಚಿಸಿದ್ದು ಇದನ್ನೇ. ಅಡುಗೆ ಎಂದರೆ ಕಣ್ಣಲ್ಲಿ ನೀರು ಬರಬೇಕು, ಕೈ ಸುಡಬೇಕು, ಕೆಮ್ಮು ಹತ್ತಬೇಕು, ಪಾತ್ರೆ ಬಡಿದಾಡಬೇಕು ಎಂದು ನಮಗೆ ಹೇಳಿಕೊಟ್ಟವರು ಯಾರು? ಸಂಕಟಪಟ್ಟಷ್ಟೂ ರುಚಿ ಹೆಚ್ಚು ಎಂದು ಯಾವ ನಾಲಿಗೆ ಸರ್ಟಿಫಿಕೇಟು ಕೊಟ್ಟಿದೆ? ನಿಮ್ಮ ಮನೆಯಲ್ಲೂ ಒಬ್ಬಳು ಇರಬಹುದು. ಹಸಿ ಈರುಳ್ಳಿಯ ವಾಸನೆಗೆ ಮುಖ ತಿರುಗಿಸುವ ಮಗಳು. ಎಣ್ಣೆ ಚಟಪಟ ಎಂದರೆ ಬೆಚ್ಚುವ ಸೊಸೆ. ಬೆಂಡೆಕಾಯಿಯ ಲೋಳೆ ಮುಟ್ಟಲಾರದ ತಂಗಿ. ಅವಳನ್ನು ನಾಜೂಕು ಎಂದು ಒಲೆಯಿಂದ ಎಬ್ಬಿಸುವ ಮುಂಚೆ, ಬೆರಳಿಗೆ ಸುತ್ತಿಕೊಳ್ಳಲು ಒಂದು ಬಟ್ಟೆ ಕೊಟ್ಟು ನೋಡಿ. ಒಂದು ಕಿಟಕಿ ತೆರೆದು ನೋಡಿ. ಆ ಮೂಗು, ಆ ಕಿವಿ ನಿಮ್ಮ ಸಾರಿಗೆ ಏನು ಮಾಡಬಲ್ಲವೋ ನಿಮಗೆ ಗೊತ್ತಿಲ್ಲ.

ಸೋಮವಾರದಿಂದ ಒಲೆ ನನ್ನದು. ಅತ್ತೆ ಪಕ್ಕದಲ್ಲಿ ಕುಳಿತು ರೊಟ್ಟಿ ಬೇಯಿಸಿ ಬುಟ್ಟಿಗೆ ಹಾಕುತ್ತಾರೆ. ಮೊನ್ನೆ ಎಸರಿಗೆ ಕಿವಿಯಿಟ್ಟು, "ಕೇಳ್ತೈತೇನು? ನನಗ ಕೇಳವಲ್ದು" ಎಂದು ಕೇಳಿದರು. "ಈಗ ಹಾಕಿ ಅತ್ತೆ" ಎಂದೆ. ಹಾಕಿದರು.

ಹನುಮಕ್ಕ ಮಾತ್ರ ಇನ್ನೂ ಒಪ್ಪಿಲ್ಲ. ನಿನ್ನೆ ಬೆಳಿಗ್ಗೆ ಜಗಲಿಯ ಬಳಿ ನಿಂತು, "ಸಪ್ಪಳಿಲ್ಲದ ರೊಟ್ಟಿ ಅದೆಂಥಾ ರೊಟ್ಟಿರಿ ಬಸಮ್ಮಾರ?" ಎಂದು ಕೇಳಿದರು. ಅತ್ತೆ ಅವರ ಕೈಗೆ ಬಿಸಿ ರೊಟ್ಟಿಯೊಂದನ್ನು ಇಟ್ಟು, ನನಗೆ ಕೇಳುವಷ್ಟೇ ಮೆಲ್ಲಗೆ ಹೇಳಿದರು. "ಹಸದಾರು ಯಾರರ ರೊಟ್ಟೀನ ಕಿವಿಲಿಂದ ತಿಂದಾರನು?"